ಬೂದಿಕೋಟೆಯ ಹೈದರನೂ ಬತ್ತದ ಕಡಲೂ

ಹವಾ ವರ್ತಮಾನದ ಕೊನೆಯಲ್ಲಿ, ಕರಾವಳಿಯ ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆಯನ್ನು ನೀವು ರೇಡಿಯೋದಲ್ಲಿ ಕೇಳಿರುವಿರಷ್ಟೆ. ನಮ್ಮ ಕೋಲಾರದ ಸೀಮೆಯಲ್ಲಿ ಆ ಮಾತಿಗೆ ಕಿವಿಗೊಡುವವರು ಕಡಮೆ. ಕೆರೆಗೆ ನೀರು ಬಂದೀತೆ, ರಾಗಿಗೆ ಹದವಾದ ಮಳೆ ಬಿದ್ದೀತೆ ಎಂಬುದೇ ಇಲ್ಲಿಯ ಚಿಂತೆ. ಆದರೂ ಕಡಲಿನ ಗಾಳಿ ಸುಳಿಯದ ಈ ಸೀಮೆಯಲ್ಲಿ ಹುಟ್ಟಿದವನೊಬ್ಬನು ತನ್ನ ಕಡೆಗಾಲದಲ್ಲಿ ಕಡಲನ್ನೇ ನೆನೆದು ನಿಟ್ಟುಸಿರು ಬಿಟ್ಟನು. ಅವನೇ ಹೈದರಾಲಿ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 1720ರ ಸುಮಾರಿಗೆ ಅವನ ಜನನ.

ತರಗತಿಯಲ್ಲಿ ಈ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, “ಕುದುರೆಯ ಸೈನ್ಯವಿದ್ದ ಹೈದರನಿಗೆ ಹಡಗೇಕೆ ಬೇಕಾಯಿತು, ಮೇಷ್ಟ್ರೆ?” ಎಂದು ಕೇಳಿದನು. ಪ್ರಶ್ನೆ ಚಿಕ್ಕದು; ಉತ್ತರ ಚಿಕ್ಕದಲ್ಲ. ಅಂದು ಗಂಟೆ ಬಾರಿಸಿದ್ದರಿಂದ ನಾನು ಪೂರ್ತಿ ಹೇಳಲಾಗಲಿಲ್ಲ. ಇಂದು ನಿಮ್ಮ ಮುಂದೆ ಅದನ್ನು ಹೇಳಲೆಳಸುತ್ತೇನೆ.

ಕೋಟೆಗೆ ಮುತ್ತಿಗೆ ಹಾಕುವುದೆಂದರೆ ಏನೆಂದು ಎಲ್ಲರೂ ಬಲ್ಲರು. ಒಳಗಿನವರಿಗೆ ಅನ್ನ, ನೀರು, ಮದ್ದುಗುಂಡು ಹೋಗದಂತೆ ದಾರಿಗಳನ್ನು ಕಟ್ಟುವುದು. ಇದನ್ನೇ ಕಡಲಿನ ಮೇಲೆ ಮಾಡಿದರೆ ಅದು ನೌಕಾ ದಿಗ್ಬಂಧನ. ಶತ್ರುವಿನ ರೇವಿನ ಮುಂದೆ ಯುದ್ಧದ ಹಡಗುಗಳು ನಿಂತುಬಿಟ್ಟರೆ ವರ್ತಕರ ಹಡಗು ಒಳಗೆ ಬರಲಾರದು, ಹೊರಗೆ ಹೋಗಲಾರದು. ಇದಕ್ಕೆ ಪ್ರತಿಯಾದ ಉಪಾಯವೂ ಒಂದುಂಟು. ಕಳ್ಳರ ಭಯವಿದ್ದ ಕಾಡುದಾರಿಯಲ್ಲಿ ನಮ್ಮ ಹಿರಿಯರು ಬಂಡಿಗಳನ್ನು ಒಂಟಿಯಾಗಿ ಹೂಡದೆ, ಸಾಲುಗಟ್ಟಿ, ಕಾವಲಿನವರನ್ನು ಜೊತೆಗಿಟ್ಟುಕೊಂಡು ಹೋಗುತ್ತಿದ್ದರಲ್ಲವೆ? ಹಾಗೆಯೇ ಸರಕಿನ ಹಡಗುಗಳನ್ನು ಒಟ್ಟುಗೂಡಿಸಿ ತೋಪಿನ ಹಡಗುಗಳ ಕಾಪಿನಲ್ಲಿ ಸಾಗಿಸುವುದು. ನಮ್ಮ ಪಡುಗಡಲಿಗೆ ಇದು ಹೊಸದಲ್ಲ. ಹೈದರನಿಗೆ ನೂರಾರು ವರ್ಷ ಮೊದಲೇ ಪೋರ್ಚುಗೀಸರು ಕನ್ನಡ ಕರಾವಳಿಯ ಅಕ್ಕಿಯನ್ನು ಹೀಗೆ ಕಾವಲಿನ ಹಡಗುಗಳ ನಡುವೆ ಗೋವೆಗೆ ಒಯ್ಯುತ್ತಿದ್ದರು. ತಮ್ಮ ರಹದಾರಿಯಿಲ್ಲದೆ ಓಡಾಡುವ ಹಡಗುಗಳನ್ನು ಹಿಡಿಯುತ್ತಿದ್ದರು.

1763ರಲ್ಲಿ ಬಿದನೂರು ಹೈದರನ ಕೈಸೇರಿತು. ಅದರೊಡನೆ ಮಂಗಳೂರು, ಹೊನ್ನಾವರ ಮೊದಲಾದ ರೇವುಗಳೂ ಬಂದುವು. ಒಳನಾಡಿನ ಮೈಸೂರಿಗೆ ಕಡಲ ಬಾಗಿಲು ತೆರೆಯಿತು. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಹೊರಗೆ ಹೋಗುವುದಕ್ಕೂ ಕುದುರೆ, ತೋಪು, ಮದ್ದು ಒಳಗೆ ಬರುವುದಕ್ಕೂ ದಾರಿಯಾಯಿತು. ಬಾಗಿಲಿದ್ದ ಮೇಲೆ ಕಾವಲು ಬೇಡವೆ? ಹೈದರನು ಹಡಗುಗಳನ್ನು ಕಟ್ಟಿಸಿದನು. ಆದರೆ ಅವುಗಳ ಮೇಲಧಿಕಾರವನ್ನು ಲುತ್ಫ್ ಅಲಿ ಬೇಗನೆಂಬ ಕುದುರೆಯ ಪಡೆಯ ಸರದಾರನಿಗೆ ಕೊಟ್ಟನು. ಕಡಲಲ್ಲೇ ಬಾಳು ಸವೆಸಿದ ಹಡಗಿನ ನಾಯಕರಿಗೆ ಇದು ಹಿಡಿಸಲಿಲ್ಲ. 1768ರಲ್ಲಿ ಮುಂಬಯಿಯಿಂದ ಆಂಗ್ಲರ ನೌಕೆಗಳು ಬಂದಾಗ, ಹೊನ್ನಾವರದ ಬಳಿ ಅವರು ಕಾದಾಡುವುದಕ್ಕೆ ಬದಲಾಗಿ ಶತ್ರುವಿನ ಕಡೆಗೇ ಸೇರಿಬಿಟ್ಟರು. ಮಂಗಳೂರು ಆಂಗ್ಲರ ವಶವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈದರನು ನೆಲದ ಮೇಲಿಂದ ಬಂದು ಊರನ್ನು ಮರಳಿ ಪಡೆದನು. ಊರು ಬಂದಿತು, ಕೈಬಿಟ್ಟ ಹಡಗುಗಳು ಬರಲಿಲ್ಲ.

ಮುಂದಿನ ಯುದ್ಧಕ್ಕೆ ಕಾರಣವಾದುದೂ ಒಂದು ರೇವೇ. ಮಲಬಾರಿನ ಮಾಹೆ ಫ್ರೆಂಚರದು. ಹೈದರನಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದುದು ಅಲ್ಲಿಂದ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಹೇಳಿದರೂ ಕೇಳದೆ 1779ರ ಮಾರ್ಚಿಯಲ್ಲಿ ಆಂಗ್ಲರು ಅದನ್ನು ಹಿಡಿದರು. 1780ರಲ್ಲಿ ಹೈದರನು ಘಟ್ಟಗಳನ್ನಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಬೇಯ್ಲಿಯ ಪಡೆ ನಾಶವಾಯಿತು. ಮದರಾಸು ನಡುಗಿತು. ಆದರೆ ಡಿಸೆಂಬರಿನಲ್ಲಿ ಪಡುಗಡಲ ಕಡೆ ಬೇರೊಂದು ಕಥೆ ನಡೆಯಿತು. ಆಂಗ್ಲರ ನೌಕಾಧಿಪತಿ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನ ಮುಂದೆ ಲಂಗರು ಹಾಕಿದ್ದ ಹೈದರನ ಹಡಗುಗಳನ್ನು ಹಾಳುಮಾಡಿಸಿದನು. ಕೋಟೆಯ ಹತ್ತಿರವಿದ್ದರೂ ಅವು ಉಳಿಯಲಿಲ್ಲ. ದಡದ ಕೋಟೆ ಊರನ್ನು ಕಾಯಬಲ್ಲುದು. ಕಡಲ ದಾರಿಯನ್ನು ಕಾಯಲಾರದು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. 1781ರ ಫೆಬ್ರವರಿ. ಆಂಗ್ಲರ ಸೇನಾಪತಿ ಸರ್ ಐರ್ ಕೂಟನು ತನ್ನ ಸೈನ್ಯದೊಡನೆ ಮೂಡಣ ಕರಾವಳಿಯ ಕಡಲೂರಿಗೆ ಬಂದು ಸೇರಿದ್ದನು. ಹೈದರನ ಕುದುರೆಯವರು ಸುತ್ತಣ ದಾರಿಗಳನ್ನೆಲ್ಲ ಕಟ್ಟಿದರು. ಹಳ್ಳಿಗಳಿಂದ ಒಂದು ಕಾಳೂ ಒಳಗೆ ಬರುವಂತಿರಲಿಲ್ಲ. ಕೂಟನಿಗೆ ಉಳಿದುದು ಒಂದೇ ದಾರಿ, ಕಡಲು. ಅಲ್ಲಿ ನೋಡಿದರೆ ಫ್ರೆಂಚರ ನೌಕಾಧಿಪತಿ ದೋರ್ವನ ಯುದ್ಧನೌಕೆಗಳು! ಹ್ಯೂಸನ ನೌಕೆಗಳು ಆಗ ದೂರದ ಪಡುಗಡಲ ಕಡೆ ಇದ್ದುವು. ನೆಲದ ಬಾಗಿಲು ಹೈದರನ ಕೈಯಲ್ಲಿ, ನೀರಿನ ಬಾಗಿಲು ಅವನ ಮಿತ್ರನ ಕೈಯಲ್ಲಿ. ಕೆಲವು ವಾರ ಹೀಗೆಯೇ ನಿಂತಿದ್ದರೆ ಒಂದು ಗುಂಡೂ ಹಾರದೆ ಹಸಿವೇ ಕೂಟನನ್ನು ಗೆಲ್ಲುತ್ತಿದ್ದಿತು.

ದೋರ್ವನು ನಿಲ್ಲಲಿಲ್ಲ. ಹೈದರನು ಬೇಡಿಕೊಂಡರೂ ಕೇಳದೆ ಅದೇ ತಿಂಗಳಲ್ಲಿ ಹಾಯಿ ಬಿಚ್ಚಿ ಮಾರಿಷಸ್ ದ್ವೀಪಕ್ಕೆ ಹೊರಟುಹೋದನು. ಕಡಲು ಬರಿದಾಯಿತು. ಮದರಾಸಿನಿಂದ ಅಕ್ಕಿ ಹೊತ್ತ ಹಡಗುಗಳು ಕಡಲೂರಿಗೆ ಬಂದು ತಲಪಿದುವು. ಉಂಡು ಚೇತರಿಸಿಕೊಂಡ ಅದೇ ಸೈನ್ಯವು 1781ರ ಜುಲೈ 1ರಂದು ಪೋರ್ಟೋ ನೋವೋ ಎಂಬಲ್ಲಿ ಹೈದರನನ್ನು ಸೋಲಿಸಿತು. ಚರಿತ್ರೆಯ ಪುಸ್ತಕಗಳಲ್ಲಿ ಈ ಕಾಳಗಕ್ಕೆ ಒಂದು ಪುಟವಿರುತ್ತದೆ. ಆ ಕಾಳಗ ನಡೆಯಲು ಎಡೆಮಾಡಿಕೊಟ್ಟ ಅಕ್ಕಿಯ ಹಡಗುಗಳಿಗೆ ಒಂದು ಸಾಲು ದೊರೆತರೆ ಹೆಚ್ಚು.

ದೋರ್ವನೊಬ್ಬನನ್ನೇ ಹಳಿಯುವುದು ನ್ಯಾಯವಲ್ಲ. ಹಾಯಿಹಡಗಿಗೂ ಹಸಿವು, ಬಾಯಾರಿಕೆ, ರೋಗಗಳುಂಟು. ಹಲಗೆ ಒಡೆಯುವುದು, ಹಗ್ಗ ಸವೆಯುವುದು, ಸಿಹಿನೀರು ತೀರುವುದು. ಅದನ್ನೆಲ್ಲ ಸರಿಪಡಿಸಿಕೊಳ್ಳಲು ಹತ್ತಿರದಲ್ಲೊಂದು ಒಳ್ಳೆಯ ಬಂದರು ಬೇಕು. ಆಂಗ್ಲರಿಗೆ ಮುಂಬಯಿ ಇದ್ದಿತು. ಅಲ್ಲಿ ಹಡಗನ್ನು ಒಣನೆಲಕ್ಕೆ ತಂದು ದುರಸ್ತಿ ಮಾಡುವ ಅನುಕೂಲವೂ ಇದ್ದಿತು. ಫ್ರೆಂಚರಿಗೋ, ಅಷ್ಟು ದೂರದ ಮಾರಿಷಸ್. ಮದರಾಸಿನಿಂದ ಕಡಲೂರಿನವರೆಗೆ ತೆರೆದ ತೀರ. ಬಿರುಗಾಳಿಯ ಕಾಲದಲ್ಲಿ ಹಡಗಿಗೆ ಅಲ್ಲಿ ಆಸರೆಯಿಲ್ಲ. ಹೈದರನ ಮಂಗಳೂರಿನಲ್ಲಾದರೋ ನದಿಯ ಬಾಯಿಗೆ ಮರಳದಿಬ್ಬ; ದೊಡ್ಡ ಹಡಗುಗಳು ಒಳಗೆ ಬರಲಾರವು. ದಿಗ್ಬಂಧನಕ್ಕೆ ಹಡಗಿದ್ದರೆ ಸಾಲದು, ಹಡಗಿಗೆ ಒಂದು ಮನೆ ಬೇಕು.

1782ರಲ್ಲಿ ಸುಫ್ರೆನ್ ಎಂಬ ಮಹಾ ಸಮರ್ಥನಾದ ಫ್ರೆಂಚ್ ನೌಕಾಧಿಪತಿ ಬಂದನು. ಆ ವರ್ಷ ಜುಲೈಯಲ್ಲಿ ಅವನೂ ಹೈದರನೂ ಕಡಲೂರಿನ ಬಳಿ ಭೇಟಿಯಾದರು. ಹ್ಯೂಸನಿಗೂ ಸುಫ್ರೆನನಿಗೂ 1783ರ ಜೂನಿನೊಳಗಾಗಿ ಐದು ಕಾಳಗಗಳು ನಡೆದುವು. ಸುಫ್ರೆನನು ತಿರುಕೋಣಮಲೆಯ ಬಂದರನ್ನೂ ಹಿಡಿದನು. ಆದರೆ ಕಾಲ ಮೀರಿದ್ದಿತು. 1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಕಣ್ಮುಚ್ಚಿದನು. ಯೂರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ಬಂದೊಡನೆ ಫ್ರೆಂಚರು ಯುದ್ಧದಿಂದ ಹಿಂದೆಗೆದರು. ಆಂಗ್ಲರ ಪಡೆಗಳನ್ನು ಎಷ್ಟು ಬಾರಿ ಸೋಲಿಸಿದರೂ ಅವರು ತೀರಿಹೋಗರು, ನೆಲದ ಮೇಲೆ ಅವರನ್ನು ಹಾಳುಗೆಡವಬಲ್ಲೆನಾದರೂ ಕಡಲನ್ನು ಬತ್ತಿಸಲಾರೆ ಎಂದು ಹೈದರನು ತನ್ನ ಕಡೆಯ ದಿನಗಳಲ್ಲಿ ಪೂರ್ಣಯ್ಯನೊಡನೆ ನೊಂದು ನುಡಿದನೆಂದು ಇತಿಹಾಸಕಾರ ವಿಲ್ಕ್ಸನು ಬರೆದಿದ್ದಾನೆ.

ಟಿಪ್ಪುವು ತಂದೆಯ ಈ ಕೊರತೆಯನ್ನು ತುಂಬಲು ಯತ್ನಿಸಿದನು. ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನು ಇಟ್ಟನು. 1796ರಲ್ಲಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಿಸುವ ಅಪ್ಪಣೆ ಹೊರಡಿಸಿ, ಅವುಗಳ ಆಡಳಿತಕ್ಕೆ 11 ಮಂದಿಯ ಮಂಡಲಿಯನ್ನು ನೇಮಿಸಿದನು. ಮರವಿದ್ದಿತು, ಮನಸ್ಸಿದ್ದಿತು, ಕಾಲವಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಆ ಹುಡುಗನ ಪ್ರಶ್ನೆಗೆ ಉತ್ತರ ಇದು. ಎರವಲು ತಂದ ಒಡವೆಯನ್ನು ಮದುವೆಯ ಮಧ್ಯದಲ್ಲಿಯೇ ಒಡೆಯನು ಕೇಳಿದರೆ ಕಳಚಿಕೊಡಬೇಕಾಗುತ್ತದೆ. ಹೈದರನ ಕಡಲಬಲ ಅಂತಹ ಎರವಿನ ಒಡವೆ. ಅವನ ಕುದುರೆಯವರು ಅವನ ಮಾತಿಗೆ ನಿಂತರು. ಫ್ರೆಂಚರ ಹಡಗು ಫ್ರೆಂಚರ ಮಾತಿಗೆ ಹೊರಟಿತು. ತನ್ನದೇ ಹಡಗು, ತನ್ನದೇ ನಾವಿಕರು, ಅವರ ಅರಿವಿಗೆ ತಕ್ಕ ಮನ್ನಣೆ, ಇವನ್ನು ಬೆಳೆಸಲು ಒಂದು ತಲೆಮಾರಾದರೂ ಬೇಕು. ಯುದ್ಧ ಬಂದ ಮೇಲೆ ಅವು ಹುಟ್ಟುವುದಿಲ್ಲ.

ಹೈದರನ ದೇಹವನ್ನು ಮೊದಲು ಕೋಲಾರಕ್ಕೆ ತಂದು, ತಂದೆ ಫತೇ ಮಹಮ್ಮದನ ಸಮಾಧಿಯ ಬಳಿ ಇರಿಸಿದ್ದರು. ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಕಡಲನ್ನು ನೆನೆದು ನೊಂದವನು ಹೀಗೆ ಒಮ್ಮೆ ಕೆರೆಗಳ ಸೀಮೆಗೆ ಹಿಂದಿರುಗಿದ್ದನು. ಇನ್ನೊಮ್ಮೆ ರೇಡಿಯೋದಲ್ಲಿ ಮೀನುಗಾರರಿಗೆ ಎಚ್ಚರಿಕೆ ಬಂದಾಗ, ಅದು ನಮಗಲ್ಲವೆಂದು ಗುಂಡಿ ತಿರುಗಿಸಬೇಡಿರಿ. ನಾವು ಉಣ್ಣುವ ಅನ್ನಕ್ಕೂ ಆ ದೂರದ ನೀರಿಗೂ ನಂಟುಂಟೆಂಬುದನ್ನು ಬೂದಿಕೋಟೆಯವನೊಬ್ಬನು ತುಂಬ ಬೆಲೆ ತೆತ್ತು ಕಲಿತನು.