ಬಾಸ್ ಗಿಟಾರಿಗೆ ಯಾವ ತಂತಿ? ಉತ್ತರ ಹಳೆಯ ಕಥೆಯಲ್ಲಿದೆ

ಪತ್ತನಾಜೆ ಕಳೆದರೆ ನಮ್ಮಲ್ಲಿ ಕೋಲ, ನೇಮ, ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚುತ್ತವೆ. ಜಾತ್ರೆಯಿಂದ ಜಾತ್ರೆಗೆ ಓಡುವ ಆರ್ಕೆಸ್ಟ್ರಾದವರ ವಾದ್ಯಗಳೂ ಮೂಲೆ ಸೇರುತ್ತವೆ. ಗುರುವಾಯನಕೆರೆಯ ನನ್ನ ಗೆಳೆಯನೊಬ್ಬ ಹೀಗೇ ತನ್ನ ಬಾಸ್ ಗಿಟಾರನ್ನು ಚೀಲಕ್ಕೆ ಹಾಕಿ ಇಟ್ಟಿದ್ದ. ದೀಪಾವಳಿ ಹೊತ್ತಿಗೆ ತೆಗೆದು ನೋಡಿದರೆ ನಾಲ್ಕೂ ತಂತಿಗಳಿಗೆ ತುಕ್ಕು. ಆಷಾಢದ ತೇವ ಚೀಲದೊಳಗೂ ಹೊಕ್ಕಿತ್ತು.

ಹೊಸ ಸೆಟ್ ತಂತಿಗೆ ಅವನ ಒಂದು ರಾತ್ರಿಯ ಸಂಭಾವನೆ ಹೋಗುತ್ತದೆ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. "ಕೀಬೋರ್ಡಿನ ಎಡಗೈಯಲ್ಲೇ ಬಾಸ್ ಬರ್ತದಲ್ಲ ಮಾರಾಯ" ಎಂದು ಆರ್ಕೆಸ್ಟ್ರಾದ ಯಜಮಾನರು ಆಗಲೇ ಹೇಳತೊಡಗಿದ್ದರು. ಈ ಸಲ ಅವನ ವಾದ್ಯ ಚೆನ್ನಾಗಿ ಕೇಳಿಸದಿದ್ದರೆ ಮುಂದಿನ ಸಲ ವ್ಯಾನಿನಲ್ಲಿ ಅವನಿಗೆ ಜಾಗವಿಲ್ಲ. ಯಾವ ತಂತಿ ತರಲಿ ಎಂದು ಅವನು ಕೇಳಿದ. ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಸ್ವರ ಕೆಳಗಿಳಿಯಬೇಕಾದರೆ ತಂತಿಗೆ ಮೂರೇ ದಾರಿ. ಉದ್ದವಾಗಬೇಕು, ಸಡಿಲವಾಗಬೇಕು, ಇಲ್ಲವೇ ಭಾರವಾಗಬೇಕು. ಭಾರದ ಗುಟ್ಟು ನಮ್ಮವರಿಗೆ ಹೊಸದಲ್ಲ. ಕಛೇರಿಗೆ ಮೊದಲು ಮೃದಂಗದವರು ಎಡಬದಿಯ ಚರ್ಮಕ್ಕೆ ರವೆಯ ಕಣಕ ಮೆತ್ತುವುದನ್ನು ನೀವು ನೋಡಿರಬಹುದು. ಆ ಭಾರದಿಂದಲೇ "ಧೋಂ" ಎಂಬ ಗಂಭೀರ ನಾದ ಬರುತ್ತದೆ. ತಂತಿಯ ಲೆಕ್ಕವೂ ಅದೇ. ಉದ್ದ ಮತ್ತು ಬಿಗಿ ಬದಲಾಗದೆ ಸ್ವರ ಒಂದು ಸ್ಥಾಯಿ ಕೆಳಗೆ ಹೋಗಬೇಕಾದರೆ ತಂತಿ ನಾಲ್ಕು ಪಟ್ಟು ಭಾರವಾಗಬೇಕು.

ಹಿಂದೆ ಯುರೋಪಿನಲ್ಲಿ ತಂತಿಯನ್ನು ಕುರಿಯ ಕರುಳಿನಿಂದ ಹೊಸೆಯುತ್ತಿದ್ದರು. ಭಾರಕ್ಕಾಗಿ ಅದನ್ನು ದಪ್ಪ ಮಾಡುತ್ತಾ ಹೋದರೆ ಅದು ಕೋಲಿನಂತೆ ಸೆಟೆದುಕೊಂಡು ನಾದ ಸತ್ತುಹೋಗುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು 17ನೇ ಶತಮಾನದಲ್ಲಿ. ಒಳಗೆ ತೆಳ್ಳಗಿನ ಎಳೆ, ಅದರ ಮೇಲೆ ಲೋಹದ ಸರಿಗೆಯ ಸುರುಳಿ. ಭಾರವೂ ಬಂತು, ಬಳುಕುವ ಗುಣವೂ ಉಳಿಯಿತು. ಲಂಡನ್ನಿನ ಸಂಗೀತ ಪ್ರಕಾಶಕ ಜಾನ್ ಪ್ಲೇಫರ್ಡ್ 1664ರಲ್ಲಿ ಇಂಥ ತಂತಿಯನ್ನು ಹೊಸ ಶೋಧವೆಂದು ಸಾರಿದ. ಇವತ್ತಿನ ಬಾಸ್ ತಂತಿಯ ಅಜ್ಜ ಇದೇ. ನಮ್ಮ ವೀಣೆಯಲ್ಲೂ ಈಗ ಮೇಲಿನ ಸ್ವರಗಳಿಗೆ ಬರಿಯ ಉಕ್ಕಿನ ತಂತಿ, ಮಂದ್ರ ಮತ್ತು ಅನುಮಂದ್ರಕ್ಕೆ ಸುರುಳಿ ಸುತ್ತಿದ ತಂತಿ.

ಇನ್ನೊಂದು ತೊಂದರೆ ಸದ್ದಿನದು. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ಕೇಳಬೇಕೆಂದು ಮೈಸೂರಿನ ವಿದ್ವಾಂಸ ಟಿ. ಚೌಡಯ್ಯ ಪಿಟೀಲಿನ ನಾಲ್ಕು ತಂತಿಗಳ ಜೊತೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಇದೆ. ತಂತಿ ಬದಲಿಸಿದರೆ ವಾದ್ಯವೇ ಬದಲಾಗುತ್ತದೆ ಎಂದು ತೋರಿಸಿಕೊಟ್ಟ ಕನ್ನಡದ ದೊಡ್ಡ ಉದಾಹರಣೆ ಅವರು.

ಅಮೆರಿಕದ ವಾದ್ಯಗೋಷ್ಠಿಗಳಲ್ಲಿಯೂ ಇದೇ ಗೋಳು. ಅಲ್ಲಿ ಕೆಳಸ್ವರ ನುಡಿಸುತ್ತಿದ್ದದ್ದು ಆಳೆತ್ತರದ ಡಬಲ್ ಬಾಸ್. ಅದರ ತಂತಿ ಸುಮಾರು 42 ಇಂಚು ಉದ್ದ. ಹೊರುವುದು ಕಷ್ಟ, ಡ್ರಮ್ಮಿನ ನಡುವೆ ಕೇಳುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬಾಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ತಂತಿಯ ಉದ್ದ 34 ಇಂಚಿಗೆ ಇಳಿಯಿತು. ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಕಂಪನವನ್ನು ಹಿಡಿಯುವುದು ಅಯಸ್ಕಾಂತದ ಪಿಕಪ್. ಆದ್ದರಿಂದ ತಂತಿಯಲ್ಲಿ ಅಯಸ್ಕಾಂತ ಸೆಳೆಯುವ ಉಕ್ಕು, ನಿಕ್ಕಲ್ ಇರಲೇಬೇಕು. ನೈಲಾನ್ ಎಳೆ ಹಾಕಿದರೆ ಪಿಕಪ್ಪಿಗೆ ಏನೂ ಕೇಳಿಸದು.

ಆ ಕಾಲದ ಬಾಸ್ ತಂತಿಗಳ ಮೇಲೆ ಸುತ್ತುತ್ತಿದ್ದದ್ದು ಚಪ್ಪಟೆ ಪಟ್ಟಿ. ಮುಟ್ಟಿದರೆ ನುಣುಪು, ನಾದ ಮೆದು. ಅಂಗಡಿಯಲ್ಲಿ ಇದಕ್ಕೆ ಫ್ಲ್ಯಾಟ್‌ವೌಂಡ್ ಎನ್ನುತ್ತಾರೆ. 1966ರಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ, ದಿ ಹೂ ತಂಡದ ಬಾಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಸೇರಿ ದುಂಡು ಸರಿಗೆ ಸುತ್ತಿದ ತಂತಿಯನ್ನು ರೂಪಿಸಿತು. ಇದು ರೌಂಡ್‌ವೌಂಡ್. ಬೆರಳಿಗೆ ಒರಟು, ನಾದ ಪಿಯಾನೋದಂತೆ ಖಣಖಣ. ಹಿಂದೆ ನಿಲ್ಲುತ್ತಿದ್ದ ಬಾಸ್ ಮುಂದೆ ಬಂದು ಮಾತಾಡಿತು. ಇವತ್ತು ಅಂಗಡಿಗೆ ಹೋಗಿ "ಬಾಸ್ ತಂತಿ ಕೊಡಿ" ಎಂದರೆ ಹೆಚ್ಚಾಗಿ ಕೈಗೆ ಬರುವುದು ಇದೇ.

ಹಾಗಾದರೆ ಹೊಳೆಯುವ ಹೊಸ ತಂತಿಯೇ ಒಳ್ಳೆಯದೇ? ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್ ಕಥೆ ಕೇಳಿ. 1960ರ ದಶಕದಲ್ಲಿ ಮೊಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬಾಸ್ ನುಡಿಸಿದವರು ಅವರು. ಅವರ ಫೆಂಡರಿನಲ್ಲಿದ್ದದ್ದು ದಪ್ಪನೆಯ ಫ್ಲ್ಯಾಟ್‌ವೌಂಡ್. ತುಂಡಾಗದೆ ಅವರು ತಂತಿ ಬದಲಿಸುತ್ತಿರಲಿಲ್ಲ. ಹಳತಾದ, ಮಂಕಾದ ಆ ತಂತಿಗಳಿಂದಲೇ ಇಡೀ ಜಗತ್ತು ಕುಣಿಯಿತು. ಆದರೆ ರೆಕಾರ್ಡಿನ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. 1971ರಲ್ಲಿ ಬಂದ ಮಾರ್ವಿನ್ ಗೇಯವರ "ವಾಟ್ಸ್ ಗೋಯಿಂಗ್ ಆನ್" ಆಲ್ಬಮ್ಮಿನಲ್ಲಿ ಕೊನೆಗೂ ಹೆಸರು ಅಚ್ಚಾಯಿತು. ನಮ್ಮ ಜಾತ್ರೆಯ ಪೋಸ್ಟರಿನಲ್ಲೂ ಗಾಯಕರ ಫೋಟೋ ಇರುತ್ತದೆ, ಬಾಸ್‌ನವನ ಹೆಸರು ಇರುವುದಿಲ್ಲ.

ಇನ್ನು ನಮ್ಮ ಕಿವಿಯ ವಿಷಯ. ಇಳಯರಾಜ ಸಂಗೀತದ "ಗೀತಾ" 1981ರಲ್ಲಿ ಬಂತು, "ಪಲ್ಲವಿ ಅನುಪಲ್ಲವಿ" 1983ರಲ್ಲಿ. ಈ ಹಾಡುಗಳನ್ನು ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಬಾಸ್ ಬಹುತೇಕ ಕೇಳಿಸುವುದಿಲ್ಲ. ಅಷ್ಟು ಚಿಕ್ಕ ಸ್ಪೀಕರಿಗೆ ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಇಲ್ಲ. ಇಯರ್‌ಫೋನ್ ಹಾಕಿ ಕೇಳಿ. ಗಾಯಕರ ಕೆಳಗೆ ಇನ್ನೊಬ್ಬರು ಬೇರೆಯೇ ರಾಗ ಹಾಡುತ್ತಾ ನಡೆದಂತೆ ಬಾಸ್ ಸಾಗುತ್ತದೆ. ಕೀಬೋರ್ಡಿನ ಎಡಗೈ ಸ್ವರವನ್ನು ಒತ್ತಬಹುದು. ಬೆರಳು ತಂತಿಯ ಮೇಲೆ ಜಾರುವುದನ್ನು ಅಷ್ಟು ಸುಲಭವಾಗಿ ತರಲಾರದು.

ಇಷ್ಟು ತಿಳಿದ ಮೇಲೆ ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕಿದೆವು. ಬೆರಳಿನಿಂದ ತಂತಿಯನ್ನು ಹೊಡೆದು ನುಡಿಸುವವರಿಗೆ, ರಾಕ್ ತಂಡದವರಿಗೆ ರೌಂಡ್‌ವೌಂಡ್ ಸರಿ. ಅದರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಚುರುಕು, ತುಕ್ಕೂ ಕಡಿಮೆ, ಆದರೆ ಫ್ರೆಟ್‌ಗಳನ್ನು ಬೇಗ ಸವೆಸುತ್ತದೆ. ನಿಕ್ಕಲ್ ಲೇಪದ್ದು ಸ್ವಲ್ಪ ಮೆದು. ಫ್ಲ್ಯಾಟ್‌ವೌಂಡಿಗೆ ಬೆಲೆ ಹೆಚ್ಚು, ಆದರೆ ಅದರ ನಾದ ಮೊದಲೇ ಮೆದುವಾದ್ದರಿಂದ ವರ್ಷ ಕಳೆದರೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ದಪ್ಪದ ಅಳತೆ ಸಾಮಾನ್ಯವಾಗಿ 45ರಿಂದ 105, ಅಂದರೆ ಇಂಚಿನ ಸಾವಿರದ ಲೆಕ್ಕ. ಕೊಳ್ಳುವಾಗ ನಿಮ್ಮ ಗಿಟಾರಿನ ತಂತಿಯ ಉದ್ದ 34 ಇಂಚೋ 30 ಇಂಚೋ ಎಂದು ಮೊದಲೇ ಅಳೆದುಕೊಂಡು ಹೋಗಿ.

ಗೆಳೆಯ ನುಡಿಸುವುದು ಹಳೆಯ ಸಿನಿಮಾ ಹಾಡು ಮತ್ತು ಕೊಂಕಣಿ ಮದುವೆಯ ಪದಗಳು. ಅವನು ಫ್ಲ್ಯಾಟ್‌ವೌಂಡ್ ತಂದ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಬೆವರು ಒರೆಸುತ್ತಾನೆ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾನೆ. ಆ ಸಲದ ಮೊದಲ ಕಾರ್ಯಕ್ರಮ ವೇಣೂರು ರಸ್ತೆಯ ಒಂದು ಮದುವೆ ಮನೆಯಲ್ಲಿತ್ತು. ಮೂರನೇ ಹಾಡಿನ ಹೊತ್ತಿಗೆ ಯಜಮಾನರು ಹಿಂದೆ ತಿರುಗಿ ನೋಡಿ, ಕೀಬೋರ್ಡಿನವನಿಗೆ ಎಡಗೈ ನಿಲ್ಲಿಸು ಎಂದು ಸನ್ನೆ ಮಾಡಿದರು.

ಅವನು ಈಗಲೂ ವ್ಯಾನಿನಲ್ಲಿದ್ದಾನೆ.