ಪದ ಪರಿಚಯ: ಇಂಜೀಲ್

ಇಂಜೀಲ್ (ನಾಮಪದ): ಮೂಲ ಗ್ರೀಕಿನ ‘ಎವಂಗೆಲಿಯೊನ್’, ಅಂದರೆ ಒಳ್ಳೆಯ ಸುದ್ದಿ. ಇಥಿಯೋಪಿಯದ ಹಳೆಯ ಭಾಷೆಯ ‘ವಂಗೇಲ್’ ಮೂಲಕ ಅರಬ್ಬಿಗೆ ಬಂತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕುರ್‌ಆನಿನಲ್ಲಿ 12 ಸಲ ಬಂದಿದೆ.

ಚನ್ನಪಟ್ಟಣದ ಉರ್ದು ಮನೆಮಾತಿನ ಮುಸ್ಲಿಮರಿಗೆ ಇಂಜೀಲ್ ಎಂದರೆ ತೌರಾತ್, ಜಬೂರ್‌ಗಳಂತೆ ಅಲ್ಲಾಹನು ಇಳಿಸಿಕೊಟ್ಟ ಗ್ರಂಥ. ಪಡೆದವರು ಪ್ರವಾದಿ ಈಸಾ, ಅಂದರೆ ಯೇಸು. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಥೋಲಿಕರು ಈ ಪದಕ್ಕೆ ‘ಶುಭಸಂದೇಶ’ ಎನ್ನುತ್ತಾರೆ. ಪ್ರಾಟೆಸ್ಟೆಂಟರು ‘ಸುವಾರ್ತೆ’ ಎನ್ನುತ್ತಾರೆ. ಕ್ರೈಸ್ತರ ಪಾಲಿಗೆ ಅದು ಯೇಸುವಿನ ಬದುಕು, ಬೋಧನೆ, ಮರಣ, ಪುನರುತ್ಥಾನಗಳನ್ನು ಸಾರುವ ನಾಲ್ಕು ಪುಸ್ತಕ. ಕಥೋಲಿಕರ ಬಲಿಪೂಜೆಯಲ್ಲಿ ಅದನ್ನು ಓದುವಾಗ ಎಲ್ಲರೂ ಎದ್ದು ನಿಂತು ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ.

ಇಂಜೀಲಿನ ಅರ್ಥ ಬೇರೆಯಾದರೂ, ದೇವರು ಒಬ್ಬನೇ ಎಂಬಲ್ಲಿ ಎರಡು ಧರ್ಮಗಳಿಗೂ ಒಮ್ಮತ; ಆ ಒಬ್ಬನನ್ನು ಅರಿಯುವ ಬಗೆ ಮಾತ್ರ ಬೇರೆ. ದೇವರಿಗೆ ಸಂತಾನವಿಲ್ಲ, ಸಮಾನರಿಲ್ಲ ಎಂಬುದು ಇಸ್ಲಾಮಿನ ತೌಹೀದ್. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು ಕ್ರೈಸ್ತರ ತ್ರಿತ್ವ.

ಉರ್ದುವಿನಲ್ಲಿ ಕ್ರೈಸ್ತರ ಹೊಸ ಒಡಂಬಡಿಕೆಗೂ ‘ಇಂಜೀಲ್-ಎ-ಮುಕದ್ದಸ್’ ಎಂಬ ಹೆಸರಿದೆ. ಹಾಗಾಗಿ ಈ ಪದ ಬಳಸುವಾಗ ಯಾರ ಅರ್ಥದಲ್ಲಿ ಎಂಬುದನ್ನು ಹೇಳಿಬಿಡಬೇಕು. ನೆರೆಯವರ ನಂಬಿಕೆಯನ್ನು ಅವರ ಮಾತಿನಲ್ಲೇ ಅರಿಯುವುದು ನಾವು ಅವರಿಗೆ ಸಲ್ಲಿಸಬೇಕಾದ ಮರ್ಯಾದೆ.