ಬೀಸುಕಲ್ಲು ಮತ್ತು ಹಲ್ಲಿನ ಹುಳು

ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಗೆ ಆಷಾಢದಲ್ಲಿ ತೇರು. ಗುಂಡ್ಲುಪೇಟೆಯಿಂದ ಅಜ್ಜಿ, ಅಮ್ಮನೊಡನೆ ಚಾಮರಾಜನಗರಕ್ಕೆ ಹೋಗುತ್ತಿದ್ದ ನನಗೆ ಆ ತೇರಿಗಿಂತ ನೆನಪಿರುವವನು, ಬೀದಿಯ ಬದಿಯಲ್ಲಿ ಕುಳಿತು ಹಲ್ಲಿನ ಹುಳು ತೆಗೆಯುತ್ತಿದ್ದ ಮುದುಕ. ಕೆಂಡದ ಮೇಲೆ ನೆಲಗುಳ್ಳದ ಬೀಜ ಉದುರಿಸಿ, ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿಸಿ, ನೀರಿನ ಬಟ್ಟಲಲ್ಲಿ ಬೆಳ್ಳನೆಯ ಎಳೆಗಳನ್ನು ತೋರಿಸುತ್ತಿದ್ದ. ಅಮ್ಮನ ದವಡೆಹಲ್ಲಿನಿಂದಲೂ ಹುಳು ‘ಬಂದವು’. ನೋವು ಎರಡು ದಿನ ಅಡಗಿ ಮತ್ತೆ ಕೆರಳಿತು, ಹಲ್ಲು ಉಳಿಯಲಿಲ್ಲ. ಅವು ಬಿಸಿಗೆ ಸಿಡಿದ ಬೀಜದೊಳಗಿನ ಎಳೆಮೊಳಕೆಗಳೆಂದು ನಾನು ತಿಳಿದದ್ದು ಬಹಳ ಕಾಲದ ಮೇಲೆ.

ಮೋಸವೆಂದು ತಳ್ಳಿಬಿಡಬಹುದು. ಆದರೆ ಆ ನಂಬಿಕೆಯ ವಂಶಾವಳಿ ಸಣ್ಣದಲ್ಲ. ಬ್ಯಾಬಿಲೋನಿಯದ ಮಣ್ಣಿನ ಹಲಗೆಯಲ್ಲಿ ಹಲ್ಲಿನ ಹುಳುವಿನ ಮಂತ್ರವಿದೆ. ಸುಶ್ರುತಸಂಹಿತೆಯ ಎಂಟು ದಂತರೋಗಗಳಲ್ಲಿ ಕೃಮಿದಂತವೂ ಒಂದು. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಹುಳುವಿನ ಮಾತನ್ನು ಒಪ್ಪಲಿಲ್ಲ. ಬಾಯೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ಮಿಲ್ಲರ್ ವಿವರಿಸಿದ್ದು 1890ರಲ್ಲಿ.

ಅಜ್ಜಿಯ ಹಲ್ಲಿನ ಕಥೆಯೇ ಬೇರೆ. ಅವು ಹುಳುಕಾಗಲಿಲ್ಲ, ಸವೆದವು, ಬೀಸುಕಲ್ಲಿನಂತೆಯೇ ಚಪ್ಪಟೆಯಾಗಿದ್ದವು. ಕಲ್ಲಿಗೆ ಹೊಸದಾಗಿ ಕಚ್ಚು ಹಾಕಿಸಿದ ವಾರವಂತೂ ರಾಗಿಹಿಟ್ಟಿನಲ್ಲಿ ಕಲ್ಲಿನ ಪುಡಿ ನಾಲಿಗೆಗೆ ಸಿಗುತ್ತಿತ್ತು. ಮುದ್ದೆಯನ್ನು ನುಂಗುತ್ತೇವೆ, ನಿಜ, ರೊಟ್ಟಿಯನ್ನು ಅಗಿಯಲೇಬೇಕಲ್ಲ! ಮೇಲೆ ಅಡಕೆ. ಬಿ. ವಿ. ಪಂಡಿತರು 1913ರಲ್ಲಿ ಆರಂಭಿಸಿದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಗೆ ಬರುವ ಮುನ್ನ ಇದ್ದಿಲು, ಉಪ್ಪುಗಳಿಂದ ತಿಕ್ಕುತ್ತಿದ್ದರು. ಆದರೂ ಅಜ್ಜಿಗೆ ನೋವಿರಲಿಲ್ಲ. ನಿಧಾನವಾಗಿ ಸವೆಯುವ ಹಲ್ಲು ಒಳಗಿನಿಂದ ಹೊಸ ಪದರ ಕಟ್ಟಿಕೊಳ್ಳುತ್ತದೆ. ಅನ್ನ ಸಿಕ್ಕಿಕೊಳ್ಳುವ ಮೇಲಿನ ಕುಳಿಗಳೂ ಸವೆದು ಹೋಗುತ್ತವೆ. ಅಮ್ಮನ ಕಾಲಕ್ಕೆ ಹಿಟ್ಟಿನ ಗಿರಣಿ ಬಂದಿತ್ತು. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಸಕ್ಕರೆ ಕಂಪನಿಯ ಸರಕು ದಿನಕ್ಕೆ ನಾಲ್ಕು ಸಲ ಕಾಫಿಯಲ್ಲಿ ಕರಗುತ್ತಿತ್ತು. ಒಂದೇ ಮನೆ, ಒಂದೇ ಬಾವಿಯ ನೀರು. ಹಲ್ಲಿನ ಕೇಡು ಮಾತ್ರ ಎರಡು ಬಗೆ.

ಚಿಕಿತ್ಸೆಯೂ ಎರಡು ಬಗೆ. ಹುಳುಕು ಮೇಲ್ಪದರದಲ್ಲಿದ್ದರೆ ಕೆರೆದು ತುಂಬಿದರಾಯಿತು. ಒಳಗಿನ ಜೀವಭಾಗ ಮುಟ್ಟಿದ್ದರೆ ಬೇರಿನ ನಾಳವನ್ನು ಶುಚಿಮಾಡಿ ಮುಚ್ಚಬೇಕು. ಅಮ್ಮನ ಹಲ್ಲು ಹಾಗೆ ಉಳಿಯಬಹುದಿತ್ತು; ಗುಂಡ್ಲುಪೇಟೆಯಲ್ಲಿ ಅಂದು ನಮಗೆ ಹಾಗೆ ಹೇಳುವವರು ಸಿಗಲಿಲ್ಲ. ಸವೆದ ಹಲ್ಲಿಗೆ ಮೊದಲು ಸವೆಸುವುದನ್ನು ನಿಲ್ಲಿಸಬೇಕು, ಚೂಪಾದ ಅಂಚನ್ನು ನಯಗೊಳಿಸಬೇಕು, ಒಸಡಿನ ಬಳಿ ತಿಕ್ಕಿ ಬಿದ್ದ ಕಚ್ಚನ್ನು ತುಂಬಬೇಕು. ಅಜ್ಜಿ ಇದಾವುದಕ್ಕೂ ಹೋಗಲಿಲ್ಲ. ಕೊನೆಯವರೆಗೂ ಅಡಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕಿಕೊಳ್ಳುತ್ತಿದ್ದರು.